ಎಲ್ಲದಕ್ಕೂ ಆನೆಯೇ ಕಾರಣ!

ರಾತ್ರಿ ಎರಡು ಗಂಟೆಗೆ ಫೋನ್ ಕಿರುಚಿದರೆ ನನ್ನಂಥವರಿಗೆ ಎರಡೇ ಅರ್ಥ. ಒಂದು, ಆಫೀಸಿನ ಸರ್ವರ್ ಮಲಗಿದೆ. ಇನ್ನೊಂದು, ಊರಲ್ಲಿ ಏನೋ ಆಗಿದೆ. ಸರ್ವರ್ ಆದರೆ ಸ್ವಲ್ಪ ಸಮಾಧಾನ. ಲ್ಯಾಪ್‌ಟಾಪ್ ತೆಗೆದು, ಕಣ್ಣುಜ್ಜಿಕೊಂಡು, ಅದನ್ನು ಎಬ್ಬಿಸಿ ಮತ್ತೆ ಮಲಗಬಹುದು.

ಮರುದಿನ ಮಾತ್ರ ಒಂದು ಶಿಕ್ಷೆ ಇರುತ್ತೆ. ಅದರ ಹೆಸರು ಆರ್‌ಸಿಎ. ರೂಟ್ ಕಾಸ್ ಅನಾಲಿಸಿಸ್. ಸರ್ವರ್ ಯಾಕೆ ಬಿತ್ತು ಅಂತ ಮೂಲ ಕಾರಣ ಹುಡುಕಿ ಬರೆಯೋದು. ನಿಯಮ ಏನು ಗೊತ್ತಾ? ಸಿಕ್ಕ ಮೊದಲ ಕಾರಣಕ್ಕೆ ನಿಲ್ಲಬಾರದು. 'ಯಾಕೆ' ಅಂತ ಐದು ಸಲ ಕೇಳಬೇಕು. ಟೊಯೊಟಾ ಕಾರ್ಖಾನೆಯವರು ಶುರು ಮಾಡಿದ ಪದ್ಧತಿಯಂತೆ ಇದು, ಈಗ ಸಾಫ್ಟ್‌ವೇರಿಗೂ ಬಂದಿದೆ. ಡಿಸ್ಕ್ ತುಂಬಿತು. ಯಾಕೆ? ಲಾಗ್ ಫೈಲ್ ಅಳಿಸಲಿಲ್ಲ. ಯಾಕೆ? ಅಳಿಸುವ ಸ್ಕ್ರಿಪ್ಟ್ ನಿಂತಿತ್ತು. ಯಾಕೆ? ಅದನ್ನು ಬರೆದವನು ಕೆಲಸ ಬಿಟ್ಟು ಹೋದ. ಯಾಕೆ? ಇಲ್ಲಿಗೆ ಮೀಟಿಂಗಲ್ಲಿ ಎಲ್ಲರೂ ಮ್ಯೂಟ್ ಆಗ್ತಾರೆ.

ಹಾಗಾಗಿ ಹೆಚ್ಚಿನ ಆರ್‌ಸಿಎಗಳು ಎರಡನೇ 'ಯಾಕೆ'ಯಲ್ಲೇ ನಿಂತುಬಿಡ್ತವೆ. ಯಾವುದಾದರೂ ಮಾತಾಡಲಾರದ ವಸ್ತುವಿನ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಳ್ಳೋದು. ನೆಟ್‌ವರ್ಕ್ ಪ್ರಾಬ್ಲಮ್ ಅಂದರೆ ಮುಗೀತು. ನೆಟ್‌ವರ್ಕ್ ಬಂದು ತನ್ನ ಪರ ವಾದ ಮಾಡಲ್ಲವಲ್ಲ.

ಇಷ್ಟೆಲ್ಲ ಪೀಠಿಕೆ ಯಾಕೆ ಅಂದರೆ, ಈ ಸಲ ಒಂದು ಕತೆಯ ಬಗ್ಗೆ ಬರೀಬೇಕು ಅಂತಿದೀನಿ. ಪೂರ್ಣಚಂದ್ರ ತೇಜಸ್ವಿಯವರ 'ಕೃಷ್ಣೇಗೌಡನ ಆನೆ'. 'ಕಿರಗೂರಿನ ಗಯ್ಯಾಳಿಗಳು' ಸಂಕಲನದಲ್ಲಿದೆ. ಓದಿಲ್ಲದಿದ್ದರೂ ನಾಟಕವಾಗಿ ನೋಡಿರಬಹುದು, ರಂಗದ ಮೇಲೆ ಎಷ್ಟೋ ತಂಡಗಳು ತಂದಿವೆ.

ನಾನು ಇದನ್ನು ಮೊದಲು ಓದಿದ್ದು ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ, ಹಾಸ್ಟೆಲ್ ಮಂಚದ ಮೇಲೆ. ರೂಮ್‌ಮೇಟಿಗೆ ತಡರಾತ್ರಿ ತನಕ ಜೋರಾಗಿ ಓದಿ ಹೇಳಿ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದೆವು. ಕೃಷ್ಣೇಗೌಡ ಅನ್ನೋ ಮನುಷ್ಯ ಒಂದು ಸಾಕಾನೆ ತರ್ತಾನೆ. ಅಲ್ಲಿಂದ ಊರಲ್ಲಿ ಒಂದಲ್ಲ ಒಂದು ಎಡವಟ್ಟು. ಕರೆಂಟು ಹೋಗುತ್ತೆ. ಫೋನ್ ಸಾಯುತ್ತೆ. ಒಂದು ಇಲಾಖೆಗೂ ಇನ್ನೊಂದು ಇಲಾಖೆಗೂ ಜಗಳ ಹತ್ತುತ್ತೆ. ಲೈನ್‌ಮನ್ ಒಬ್ಬನ ಜೀವವೇ ಹೋಗುತ್ತೆ. ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸೋ ಈ ಎಲ್ಲದರ ದೂರು ಕೊನೆಗೆ ತಿರುಗೋದು ಆ ಆನೆಯ ಕಡೆಗೆ. ಕತೆ ಹೇಳುವ 'ನಾನು' ನಿಜವಾಗಿ ಏನಾಯ್ತು ಅಂತ ಬಿಡಿಸೋಕೆ ಹೋದಷ್ಟೂ ಅದು ಗೋಜಲಾಗುತ್ತೆ.

ಆಗ ನಮ್ಮಿಬ್ಬರ ತೀರ್ಮಾನ: "ಸಖತ್ ಸರ್ರಿಯಲ್ ಮಗಾ." ಅಂದರೆ ಅತಿವಾಸ್ತವ. ಕನಸಲ್ಲಿ ಆಗೋ ಹಾಗೆ, ಒಂದರಿಂದ ಇನ್ನೊಂದಕ್ಕೆ ತರ್ಕ ಇಲ್ಲದೆ, ಆದರೂ ಎಲ್ಲ ಕಣ್ಣೆದುರೇ ನಡೆದಂತೆ. ಏನು ಕಲ್ಪನೆ ಮಾರಾಯ ಈ ಮನುಷ್ಯನದ್ದು ಅಂತ ಬೆರಗಾಗಿದ್ದೆವು.

ರೂಮ್‌ಮೇಟ್ ಬೆಂಗಳೂರಿನವನು. ಅವನು ಹಾಗಂದಿದ್ದರಲ್ಲಿ ಆಶ್ಚರ್ಯ ಇಲ್ಲ. ನನಗಾದರೂ ಗೊತ್ತಾಗಬೇಕಿತ್ತು. ನನ್ನೂರು ಆನೇಮಹಲ್. ಸಕಲೇಶಪುರದ ಪಕ್ಕ. ಹೆಸರಲ್ಲೇ ಆನೆ ಇದೆ. ಕತೆ ಹುಟ್ಟಿದ ಮೂಡಿಗೆರೆ ನಮ್ಮಲ್ಲಿಂದ ಗಂಟೆ ದಾರಿ. ಆದರೂ ಹಾಸ್ಟೆಲ್ಲಿನ ಟ್ಯೂಬ್‌ಲೈಟ್ ಕೆಳಗೆ ಕೂತು ಓದುವಾಗ ಅದು ಬೇರೆ ಯಾವುದೋ ಲೋಕದ ಕತೆ ಅನ್ನಿಸಿತ್ತು.

ಕಳೆದ ಡಿಸೆಂಬರ್‌ನಲ್ಲಿ ಆ ಲೋಕ ನನ್ನ ಮೊಬೈಲಿಗೇ ಬಂತು.

ಡಿಸೆಂಬರ್ ಅಂದರೆ ನಮ್ಮ ಕಡೆ ಕಾಫಿ ಕೊಯ್ಲು. ಅಪ್ಪ ಅಮ್ಮ ಇಬ್ಬರೇ ಇರೋದು. ನಾಲ್ಕೆಕರೆ ತೋಟ, ಮನೆ ಮುಂದೆ ಕಣ. ಒಂದು ಗುರುವಾರ ಸಂಜೆ ಫೋನ್ ಮಾಡಿದೆ, ಸ್ವಿಚ್ಡ್ ಆಫ್. ರಾತ್ರಿನೂ ಅದೇ. ಶುಕ್ರವಾರ ಬೆಳಗ್ಗೆನೂ ಅದೇ. ಗಾಬರಿಯಾಗಿ ಪಕ್ಕದ ತೋಟದ ಅಣ್ಣನಿಗೆ ಮಾಡಿದೆ, ಅವರದ್ದೂ ಇಲ್ಲ. ಪೇಟೆಯಲ್ಲಿರೋ ಪರಿಚಯದವರಿಗೆ ಮಾಡಿದೆ. "ನಿಮ್ಮ ಕಡೆ ಲೈನ್ ಹೋಗಿದೆಯಂತೆ, ಆನೆ ಮರ ಬೀಳಿಸಿ ತಂತಿ ಮೇಲೆ ಹಾಕಿದೆಯಂತೆ" ಅಂದರು.

ಒಂದು ಆಫೀಸಿಗೆ ಫೋನ್ ಹಚ್ಚಿದೆ. ಎತ್ತಿದವರು, "ಆನೆ ಇದೆ ಸಾರ್ ಅಲ್ಲಿ, ನಮ್ಮ ಹುಡುಗರನ್ನ ಹೆಂಗೆ ಕಳಿಸೋದು? ಮೊದಲು ಅವರು ಓಡಿಸಲಿ" ಅಂದರು. 'ಅವರ' ಆಫೀಸಿಗೆ ಮಾಡಿದೆ. "ಆ ಕಡೆ ಆನೆನೇ ಇಲ್ಲ ಸಾರ್ ಈಗ. ಮರ ಒಣಗಿತ್ತು, ಗಾಳಿಗೆ ಬಿದ್ದಿದೆ. ಅದನ್ನ ಮೊದಲೇ ಕಡೀಬೇಕಿತ್ತು" ಅಂದರು. ಕಡಿಯೋಕೆ ಯಾರ ಅನುಮತಿ ಬೇಕಿತ್ತು ಅಂತ ಕೇಳಿದರೆ, ಮೊದಲಿನ ಆಫೀಸಿನವರು ಬರೆದುಕೊಡಬೇಕಿತ್ತಂತೆ. ಅವರನ್ನು ಕೇಳಿದರೆ ಬರೆದುಕೊಟ್ಟಾಗಿತ್ತಂತೆ. ಇನ್ನು ಮೊಬೈಲ್ ಟವರು? ಕರೆಂಟಿಲ್ಲ, ಟವರಿನ ಬ್ಯಾಟರಿ ಮುಗಿದಿದೆ, ಡೀಸೆಲ್ ತರೋ ಹುಡುಗ ಆನೆ ಇದೆ ಅಂತ ಬರ್ತಿಲ್ಲ.

ಫೋನ್ ಕೆಳಗಿಟ್ಟು ಎರಡು ನಿಮಿಷ ಸುಮ್ಮನೆ ಕೂತೆ. ಇದನ್ನು ನಾನು ಓದಿದೀನಲ್ಲ! ಸಾಲಿಗೆ ಸಾಲು ಅಲ್ಲ, ಆದರೆ ಇದೇ ರಾಗ. ಎಲ್ಲರೂ ಹೇಳಿದ್ದು ಅವರವರ ಮಟ್ಟಿಗೆ ಸರಿ. ಎಲ್ಲ ಸೇರಿಸಿದರೆ ಹುಚ್ಚು. ಮಧ್ಯದಲ್ಲಿ ಒಂದು ಆನೆ, ಅದು ಇದೆಯೋ ಇಲ್ಲವೋ ಅದೂ ಗೊತ್ತಿಲ್ಲ.

ಶನಿವಾರ ಮಧ್ಯಾಹ್ನ ಅಪ್ಪನ ಫೋನ್ ಬಂತು. "ಏನಿಲ್ಲ ಕಣೋ, ಆನೆ ಬಂದು ಲೈನ್ ಹೋಗಿತ್ತು. ಈಗ ಸರಿ ಆಯ್ತು. ನಿಂಗೆ ಊಟ ಆಯ್ತಾ?"

ಸದ್ಯ ಅಂದುಕೊಂಡು ಸುಮ್ಮನಾದೆ. ಆದರೆ ಕತೆ ತಲೆಯಿಂದ ಹೋಗಲಿಲ್ಲ. ಆ ವೀಕೆಂಡ್ ಮತ್ತೆ ತೆಗೆದು ಓದಿದೆ. ಈ ಸಲ ನಗು ಬಂತು, ಆದರೆ ಗಂಟಲಲ್ಲಿ ಸಿಕ್ಕಿಕೊಂಡಿತು.

ತೇಜಸ್ವಿ ಇದನ್ನು ಹೇಗೆ ಬರೆದರು ಅಂತ ಯೋಚನೆ ಮಾಡಿದೆ. ಅವರ ಬದುಕಿನ ಗೆರೆಗಳು ಎಲ್ಲರಿಗೂ ಗೊತ್ತಿರೋವೇ. 1938ರಲ್ಲಿ ಹುಟ್ಟಿದ್ದು. ಕುವೆಂಪು ಮಗ. ಮೈಸೂರಲ್ಲಿ ಕನ್ನಡ ಎಂ.ಎ. ಅವತ್ತಿನ ಕಾಲಕ್ಕೆ ಅಂಥವರು ಹೋಗಬೇಕಾದ ದಾರಿ ಒಂದೇ, ಕಾಲೇಜಿನ ಮೇಷ್ಟರ ಕೆಲಸ. ಇವರು ಅದನ್ನು ಬಿಟ್ಟು 1960ರ ದಶಕದಲ್ಲಿ ಮೂಡಿಗೆರೆ ಕಡೆ ಬಂದು ಕಾಫಿ ತೋಟ ಮಾಡಿದರು. 2007ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಮೂಡಿಗೆರೆಯ ಮನೆ 'ನಿರುತ್ತರ'ದ ಹೆಸರು ಅವರ ಓದುಗರಿಗೆಲ್ಲ ಬಾಯಿಪಾಠ. ಕ್ಯಾಮೆರಾ, ಗಾಳ, ಹಕ್ಕಿ, ಕೊನೆಗೆ ಕಂಪ್ಯೂಟರು, ಕಂಪ್ಯೂಟರಲ್ಲಿ ಕನ್ನಡ, ಎಲ್ಲಕ್ಕೂ ತಲೆ ಹಾಕಿದವರು.

ನನಗೆ ಮುಖ್ಯ ಅನ್ನಿಸಿದ್ದು ಬೇರೆ ಒಂದು ಸಂಗತಿ. ಶುರುವಿನಲ್ಲಿ ತೇಜಸ್ವಿ ಹೀಗೆ ಬರೀತಿರಲಿಲ್ಲ. 1966ರ 'ಸ್ವರೂಪ' ನವ್ಯದ ಕಾಲದ ಪುಸ್ತಕ. ಅಲ್ಲೂ ವಿಚಿತ್ರ ಇದೆ, ಆದರೆ ಅದು ಒಬ್ಬನ ತಲೆಯೊಳಗಿನ ವಿಚಿತ್ರ. ತನ್ನೊಳಗೆ ತಾನೇ ಸಿಕ್ಕಿಹಾಕಿಕೊಂಡ ಮನುಷ್ಯನದ್ದು. ಆ ಕಾಲದ ಎಷ್ಟೋ ಬರಹಗಾರರು ಬರೀತಿದ್ದ ವಿಚಿತ್ರ. 1973ರಲ್ಲಿ 'ಅಬಚೂರಿನ ಪೋಸ್ಟಾಫೀಸು' ಬಂತು. ಅದರ ಮುನ್ನುಡಿಯಲ್ಲಿ ನವ್ಯದ ದಾರಿ ತನಗಿನ್ನು ಸಾಕು, ಬೇರೆ ದಿಕ್ಕು ಬೇಕು ಅನ್ನುವ ಅರ್ಥದ ಮಾತು ಹೇಳಿದರು. ಲೋಹಿಯಾ, ಕುವೆಂಪು, ಕಾರಂತ ಈ ಮೂವರ ಪ್ರಭಾವವನ್ನು ನೆನೆದರು. ಆ ಮುನ್ನುಡಿ ಬಗ್ಗೆ ಕನ್ನಡದ ವಿಮರ್ಶಕರು ಇವತ್ತಿಗೂ ಮಾತಾಡ್ತಾರೆ.

ವಿಮರ್ಶಕರು ಲೋಹಿಯಾ ಬಗ್ಗೆ ಮಾತಾಡಲಿ. ಕಾಫಿ ಬೆಳೆಗಾರನ ಮಗನಾಗಿ ನನಗೆ ಕಾಣೋದು ಮಧ್ಯದ ವರ್ಷಗಳು. ಒಬ್ಬ ಮನುಷ್ಯ ಅಷ್ಟು ವರ್ಷ ಮಲೆನಾಡಲ್ಲಿ ತೋಟ ಮಾಡಿದರೆ ಏನಾಗುತ್ತೆ? ಅವನು ಕಾಯೋದನ್ನು ಕಲೀತಾನೆ. ಹೂಮಳೆಗೆ ಕಾಯಬೇಕು. ಆಳಿಗೆ ಕಾಯಬೇಕು. ಲೈನ್‌ಮನ್‌ಗೆ ಕಾಯಬೇಕು. ಮರ ಕಡಿಯೋ ಅನುಮತಿಗೆ, ಗೊಬ್ಬರಕ್ಕೆ, ಫೋನಿಗೆ, ಬಸ್ಸಿಗೆ. ಕಾಯುತ್ತಾ ಕೂತಾಗ ಪಕ್ಕದಲ್ಲಿ ಕೂತವನು ಮಾತಾಡ್ತಾನೆ. ಅವನದ್ದೊಂದು ವಾದ. ಅವನು ಎದ್ದು ಹೋದ ಮೇಲೆ ಇನ್ನೊಬ್ಬ ಬರ್ತಾನೆ, ಅವನದ್ದು ಪೂರ್ತಿ ಉಲ್ಟಾ ವಾದ. ಇಬ್ಬರೂ ಸುಳ್ಳರಲ್ಲ.

ಇಡೀ 'ಕೃಷ್ಣೇಗೌಡನ ಆನೆ' ಕತೆಯ ಮೈಕಟ್ಟೇ ಇದು. ಒಬ್ಬೊಬ್ಬನಾಗಿ ಬಂದು ತನ್ನ ದೂರು ಹೇಳಿಕೊಳ್ತಾನೆ. ನಡುವೆ ಕೂತು ಕೇಳುವವನು ಒಬ್ಬ ಕೃಷಿಕ. ಅವನಿಗೆ ವಿಜ್ಞಾನದ ಬುದ್ಧಿ ಇದೆ, ಕಾರಣ ಬೇಕು. ಆದರೆ ಕೈಯಲ್ಲಿ ಅಧಿಕಾರ ಇಲ್ಲ, ಕರೆಂಟು ಬರಬೇಕಾದರೆ ಇವರನ್ನೇ ಕಾಯಬೇಕು. ಮೈಸೂರಿನ ಮೇಷ್ಟರಾಗಿ ಉಳಿದಿದ್ದರೆ ಈ ಕತೆ ಅವರಿಗೆ ಸಿಗುತ್ತಿರಲಿಲ್ಲ ಅನ್ನೋದು ನನ್ನ ನಂಬಿಕೆ. ಬರೀ ಮೂಡಿಗೆರೆಯಲ್ಲೇ ಹುಟ್ಟಿ ಬೆಳೆದಿದ್ದರೂ ಸಿಗುತ್ತಿರಲಿಲ್ಲವೇನೋ. ಆಗ ಇದೆಲ್ಲ ಮಾಮೂಲಿ ಅನ್ನಿಸಿಬಿಡ್ತಿತ್ತು. ಹೊರಗಿಂದ ಬಂದು ಒಳಗಿನವನಾದ ಮನುಷ್ಯನಿಗೆ ಮಾತ್ರ ಇದು ಒಟ್ಟಿಗೇ ಮಾಮೂಲೂ ಹೌದು, ಹುಚ್ಚೂ ಹೌದು.

ಹಾಗಂತ ಕತೆಯಲ್ಲಿ ಬರೋ ಇಂಥವನು ಊರಿನ ಇಂಥವನೇ ಅಂತ ಪತ್ತೆದಾರಿ ಮಾಡೋದು ನನಗೆ ಇಷ್ಟ ಇಲ್ಲ. ನಿಜವಾದ ಕೃಷ್ಣೇಗೌಡ ಯಾರು ಅಂತ ಹುಡುಕಿ ಏನಾಗಬೇಕು? ಲೇಖಕನ ಬದುಕು ಕತೆಯೊಳಗೆ ಬರೋದು ಆಧಾರ್ ಕಾರ್ಡ್ ಹಿಡಿದುಕೊಂಡಲ್ಲ. ಅವನು ದಿನಾ ಯಾವುದರ ಎದುರು ಕಾಯುತ್ತಾ ಕೂತಿದ್ದ, ಅದು ಬರುತ್ತೆ.

ಕಾಫ್ಕಾನ ಉದಾಹರಣೆ ತಗೊಳ್ಳಿ. ಬೆಳಗ್ಗೆ ಎದ್ದಾಗ ಹುಳುವಾಗಿದ್ದ ಗ್ರೆಗರ್ ಸಾಮ್ಸಾನ ಕತೆ, 'ಮೆಟಮಾರ್ಫಸಿಸ್'. 1912ರ ಕೊನೆಯಲ್ಲಿ ಬರೆದದ್ದು, 1915ರಲ್ಲಿ ಅಚ್ಚಾಯಿತು. ಸರ್ರಿಯಲ್ ಅಂದರೆ ಎಲ್ಲರೂ ಮೊದಲು ಹೇಳೋದು ಇದನ್ನೇ. ಕಾಫ್ಕಾ ಹೊಟ್ಟೆಪಾಡಿಗೆ ಏನು ಮಾಡ್ತಿದ್ದ ಗೊತ್ತಾ? ಪ್ರಾಗ್ ನಗರದಲ್ಲಿ ಕಾರ್ಮಿಕರ ಅಪಘಾತ ವಿಮೆಯ ಕಚೇರಿಯಲ್ಲಿ ನೌಕರಿ. 1908ರಿಂದ 1922ರವರೆಗೆ. ಮರ ಹೆರೆಯುವ ಯಂತ್ರಕ್ಕೆ ಸಿಕ್ಕಿ ಕಾರ್ಮಿಕರ ಬೆರಳು ತುಂಡಾಗೋದನ್ನು ತಪ್ಪಿಸೋದು ಹೇಗೆ ಅಂತ ಚಿತ್ರ ಸಮೇತ ವರದಿ ಬರೆದಿದ್ದಾನೆ. ಹಗಲು ಫೈಲು, ರಾತ್ರಿ ಕತೆ.

ಈಗ ಕತೆ ನೋಡಿ. ಹುಳುವಾಗಿ ಎದ್ದ ಗ್ರೆಗರ್‌ನ ಮೊದಲ ಚಿಂತೆ 'ಅಯ್ಯೋ ನಾನು ಹುಳುವಾದೆ' ಅನ್ನೋದಲ್ಲ. ರೈಲು ತಪ್ಪಿತು ಅನ್ನೋದು. ಸ್ವಲ್ಪ ಹೊತ್ತಿಗೆ ಆಫೀಸಿನ ಮ್ಯಾನೇಜರ್ ಮನೆ ಬಾಗಿಲಿಗೇ ಬರ್ತಾನೆ, ಯಾಕೆ ಕೆಲಸಕ್ಕೆ ಬಂದಿಲ್ಲ ಅಂತ ಕೇಳೋಕೆ. ಹುಳು ಕಲ್ಪನೆ ಇರಬಹುದು. ಆ ಮ್ಯಾನೇಜರ್ ಕಲ್ಪನೆ ಅಲ್ಲ. ಜ್ವರ ಬಂದಿದೆ ಅಂತ ಮೆಸೇಜ್ ಹಾಕಿ, ಆಮೇಲೆ 'ಟೇಕ್ ಕೇರ್, ಸ್ಟ್ಯಾಂಡಪ್ ಕಾಲ್‌ಗೆ ಐದು ನಿಮಿಷ ಸೇರ್ಕೋ' ಅನ್ನೋ ಉತ್ತರ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂದಹಾಗೆ, ಪುಸ್ತಕದ ಮುಖಪುಟದಲ್ಲಿ ಹುಳುವಿನ ಚಿತ್ರ ಮಾತ್ರ ಹಾಕಬೇಡಿ ಅಂತ ಕಾಫ್ಕಾ ಪ್ರಕಾಶಕರಿಗೆ ಪತ್ರ ಬರೆದಿದ್ದ. ನೋಡಬೇಕಾದ್ದು ಹುಳುವನ್ನಲ್ಲ, ಅದರ ಸುತ್ತ ನಿಂತ ಮನೆಯವರನ್ನು ಅಂತ ನನಗೆ ಅರ್ಥ ಆಗೋದು.

ತೇಜಸ್ವಿಯವರ ಆನೆನೂ ಹಾಗೇನೇ. ನೋಡಬೇಕಾದ್ದು ಆನೆಯನ್ನಲ್ಲ.

ಇಲ್ಲಿಗೆ ಅಂಕಣ ಮುಗಿಸಿಬಿಡಬಹುದಿತ್ತು. ಆದರೆ ಆ ಫೋನ್ ಬಂದ ಹತ್ತು ದಿನಕ್ಕೆ ಇನ್ನೊಂದು ಆಯ್ತು.

ಆಫೀಸಿನ ಕ್ಯಾಂಟೀನಲ್ಲಿ ಕೂತು ಸುಮ್ಮನೆ ವಾಟ್ಸಾಪ್ ಸ್ಟೇಟಸ್ ತಿರುಗಿಸ್ತಿದ್ದೆ. ಅತ್ತೆಯ ಮಗ ಯಾರದ್ದೋ ಮನೆ ನಾಮಕರಣದ ಫೋಟೊ ಹಾಕಿದ್ದ. ಬಾಳೆಲೆ, ಹೂವು, ಮಗು, ಸಾಲಾಗಿ ನಿಂತ ನೆಂಟರು. ಮೂರನೇ ಫೋಟೊದ ಮೂಲೆಯಲ್ಲಿ ಅಪ್ಪ ಕೂತಿದ್ದರು. ಬಲಗೈಗೆ ಮೊಣಕೈ ತನಕ ಪ್ಲಾಸ್ಟರ್. ಎಡಗೈಯಲ್ಲಿ ಊಟ ಮಾಡೋಕಾಗದೆ ಚಮಚ ಹಿಡಿದಿದ್ದರು.

ಎ.ಕೆ. ರಾಮಾನುಜನ್ ಅವರ 'ಅಣ್ಣಯ್ಯನ ಮಾನವಶಾಸ್ತ್ರ' ಓದಿದವರಿಗೆ ನನ್ನ ಎದೆ ಆ ಕ್ಷಣ ಹೇಗೆ ಹೊಡ್ಕೊಂಡಿತು ಅಂತ ಗೊತ್ತಾಗುತ್ತೆ. ಮೈಸೂರಿನ ಅಣ್ಣಯ್ಯ ಷಿಕಾಗೋಗೆ ಹೋಗಿ, ಅಲ್ಲಿ ಕೂತು ನಮ್ಮ ಆಚಾರದ ಬಗ್ಗೆ ಇಂಗ್ಲಿಷ್ ಪುಸ್ತಕ ಓದ್ತಾನೆ. ಅದರಲ್ಲಿರೋ ಫೋಟೊಗಳು ಅವನ ನೆಂಟ ತೆಗೆದವು. ಹಾಳೆ ತಿರುಗಿಸ್ತಾ ಹೋದರೆ, ಅದರಲ್ಲಿ ಸುಡುತ್ತಿರೋ ಶವ ತನ್ನ ಅಪ್ಪನದ್ದು, ತಲೆ ಬೋಳಿಸಿದ ವಿಧವೆ ತನ್ನ ಅಮ್ಮ. ಮನೆಯವರು ಯಾರೂ ಅವನಿಗೆ ತಿಳಿಸಿರಲಿಲ್ಲ. ಇದೂ ಒಂದು ದುಃಸ್ವಪ್ನದಂಥ ಕತೆಯೇ. ರಾಮಾನುಜನ್ 1962ರಿಂದ ಕೊನೆ ತನಕ, ಅಂದರೆ 1993ರ ತನಕ, ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದವರು. ಕತೆ ಅವರಿಗೇ ಆದದ್ದು ಅಂತ ನಾನು ಹೇಳ್ತಿಲ್ಲ. ಆದರೆ ದೂರದಲ್ಲಿ ಕೂತು, ತನ್ನ ಮನೆಯ ಸಂಗತಿಗಳನ್ನು ಕಾಗದದ ಮೇಲೆ ಓದುತ್ತಾ ಮೂವತ್ತು ವರ್ಷ ಕಳೆದವನಿಗೆ ಮಾತ್ರ ಹೊಳೆಯೋ ಭಯ ಅದು.

ನನ್ನದು ಷಿಕಾಗೋ ಅಲ್ಲ. ಬೆಂಗಳೂರು. ಬಸ್ಸಲ್ಲಿ ಐದು ಗಂಟೆ. ಆದರೂ ಗೊತ್ತಾಗಿದ್ದು ಸ್ಟೇಟಸ್‌ನಿಂದ.

ಅವತ್ತು ರಾತ್ರಿಯೇ ಬಸ್ ಹತ್ತಿದೆ. ಬೆಳಗ್ಗೆ ಆನೇಮಹಲ್‌ನಲ್ಲಿ ಇಳಿದಾಗ ಮಂಜು. ಅಪ್ಪ ಜಗಲಿ ಮೇಲೆ ಕೂತಿದ್ದರು. ನನ್ನನ್ನು ನೋಡಿದ ತಕ್ಷಣ ಕೈಯನ್ನು ಶಾಲಿನೊಳಗೆ ಹಾಕಿಕೊಂಡರು.

"ಏನಾಯ್ತಪ್ಪ?"

"ಏನಿಲ್ಲ ಕಣೋ. ಆನೆ ಅಟ್ಟಿಸ್ಕೊಂಡು ಬಂತು. ಓಡೋವಾಗ ಬಿದ್ದೆ. ಸಣ್ಣ ಪೆಟ್ಟು."

ನಾನು ನಂಬಿದೆ. ನಂಬದೇ ಇರೋಕೆ ಕಾರಣವೇ ಇಲ್ಲ. ನಮ್ಮ ಸಕಲೇಶಪುರ, ಆಲೂರು ಕಡೆ ಆನೆ ಅನ್ನೋದು ಕತೆ ಅಲ್ಲ. 2014ರಲ್ಲಿ ಈ ಭಾಗದಿಂದ 22 ಆನೆ ಹಿಡಿದು ಸಾಗಿಸಿದರು, ಆಮೇಲೂ ಬರೋದು ನಿಲ್ಲಲಿಲ್ಲ. ಬೈನೆ ಮರ, ಹಲಸಿನಕಾಯಿ, ಗದ್ದೆಯ ಭತ್ತ, ಎಲ್ಲ ಅವಕ್ಕೆ ಗೊತ್ತು. ತೋಟಕ್ಕೆ ಹೋದವರು ಮನೆಗೆ ಬಾರದೇ ಇದ್ದದ್ದುಂಟು. ಕೆಲವು ಆನೆಗಳ ಕುತ್ತಿಗೆಗೆ ರೇಡಿಯೋ ಕಾಲರ್ ಹಾಕಿದ್ದಾರೆ. ಅವು ಎಲ್ಲಿವೆ ಅಂತ ಮೊಬೈಲಿಗೆ ಮೆಸೇಜ್ ಬರುತ್ತೆ. ನಿಮಗೆ ಬಿರಿಯಾನಿ ಎಲ್ಲಿಗೆ ಬಂತು ಅಂತ ಬರುತ್ತಲ್ಲ, ಹಾಗೆ ನಮ್ಮೂರವರಿಗೆ ಆನೆ ಎಲ್ಲಿಗೆ ಬಂತು ಅಂತ. ಭೀಮ, ಬೀಟಮ್ಮ ಅಂತ ಹೆಸರೂ ಇಟ್ಟಿದ್ದಾರೆ. 2023ರ ಡಿಸೆಂಬರ್ 4ರಂದು, ಎಂಟು ಸಲ ಮೈಸೂರು ದಸರಾ ಅಂಬಾರಿ ಹೊತ್ತ ಅರ್ಜುನ ಸತ್ತದ್ದು ನಮ್ಮ ತಾಲ್ಲೂಕಿನ ಯಸಳೂರು ಕಡೆಯ ಕಾಡಲ್ಲೇ. ಕಾಡಾನೆ ಹಿಡಿಯೋಕೆ ಬಂದವನು ಕಾಡಾನೆಯ ತಿವಿತಕ್ಕೆ ಸತ್ತ. ತಪ್ಪು ಯಾರದ್ದು ಅನ್ನೋ ಜಗಳ ಎಷ್ಟೋ ದಿನ ನಡೆಯಿತು. ಇದನ್ನು ಯಾರಾದರೂ ಕತೆಯಾಗಿ ಬರೆದಿದ್ದರೆ ನಾವು ಹಾಸ್ಟೆಲಲ್ಲಿ ಕೂತು ಸರ್ರಿಯಲ್ ಅಂತಿದ್ದೆವು.

ಹಾಗಾಗಿ ಆನೆ ಅಟ್ಟಿಸ್ಕೊಂಡು ಬಂತು ಅಂದರೆ ಯಾರೂ ಮುಂದೆ ಪ್ರಶ್ನೆ ಕೇಳಲ್ಲ.

ಮಧ್ಯಾಹ್ನ ಅಮ್ಮ ಹಿತ್ತಲಲ್ಲಿ ಪಾತ್ರೆ ತೊಳೀತಾ ಇದ್ದರು. ನಾನು ಪಕ್ಕ ಕೂತು ಕೇಳಿದೆ, "ಆನೆ ಎಲ್ಲಿ ಬಂದಿತ್ತಮ್ಮ, ಗದ್ದೆಗಾ?"

ಅಮ್ಮ ತಲೆ ಎತ್ತಲಿಲ್ಲ. "ಆನೆನೂ ಇಲ್ಲ, ಎಂತದೂ ಇಲ್ಲ. ಆ ರಾತ್ರಿ ಮೋಡ ಕಟ್ಟಿ ಹನಿ ಬಿತ್ತು. ಕಣದ ತುಂಬ ಕಾಫಿ ಹರವಿತ್ತು. ಕರೆಂಟಿಲ್ಲ. ಟಾರ್ಪಾಲು ಹೊದಿಸ್ತೀನಿ ಅಂತ ಕತ್ತಲಲ್ಲಿ ಹೋದ್ರು. ನನಗೆ ಮಂಡಿನೋವು, ಏಳೋಕಾಗಲಿಲ್ಲ. ಒಬ್ರೇ ಎಳೆಯೋಕೆ ಹೋಗಿ ಅಂಚಲ್ಲಿ ಜಾರಿದ್ರು. ನಿಂಗೆ ಹೇಳಬೇಡ ಅಂದ್ರು. ರಜ ಹಾಕ್ತಾನೆ, ಕೆಲಸಕ್ಕೆ ತೊಂದ್ರೆ ಅಂತ."

ಕಣದಲ್ಲಿ ಟಾರ್ಪಾಲು ಹೊದಿಸಿ ಗೊತ್ತಿಲ್ಲದವರಿಗೆ ಒಂದು ಮಾತು. ಅದು ದೊಡ್ಡದು, ಭಾರ, ನೆನೆದರೆ ಇನ್ನೂ ಭಾರ. ಒಬ್ಬರಿಂದ ಆಗೋ ಕೆಲಸ ಅಲ್ಲ. ಆ ತುದಿ ಒಬ್ಬರು, ಈ ತುದಿ ಒಬ್ಬರು ಹಿಡಿದು ಒಟ್ಟಿಗೇ ಓಡಬೇಕು. ಪಿಯುಸಿ ಮುಗಿಯೋ ತನಕ ಆ ತುದಿ ಹಿಡೀತಿದ್ದವನು ನಾನು. "ಓಡೋ, ಓಡೋ" ಅಂತ ಅಪ್ಪ ಕೂಗೋದು, ನಾನು ಬರಿಗಾಲಲ್ಲಿ ಓಡೋದು, ಮಳೆ ನಮ್ಮ ಬೆನ್ನ ಮೇಲೆ ಬೀಳೋದು ಈಗಲೂ ನೆನಪಿದೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅಭ್ಯಾಸಬಲ, ಮನಸ್ಸಲ್ಲೇ ಆರ್‌ಸಿಎ ಬರೆಯೋಕೆ ಶುರು ಮಾಡಿದೆ. ಕೈ ಯಾಕೆ ಮುರೀತು? ಕಣದಲ್ಲಿ ಬಿದ್ದರು. ಯಾಕೆ ಬಿದ್ದರು? ಕತ್ತಲಲ್ಲಿ ಟಾರ್ಪಾಲು ಎಳೆಯೋವಾಗ ಜಾರಿತು. ಯಾಕೆ ಜಾರಿತು? ಇಬ್ಬರು ಹಿಡಿಯೋದನ್ನು ಒಬ್ಬರೇ ಹಿಡಿದಿದ್ದರು. ಯಾಕೆ ಒಬ್ಬರೇ?

ನಾಲ್ಕನೇ 'ಯಾಕೆ'ಗೆ ನಾನೂ ಮ್ಯೂಟ್ ಆದೆ.

ಅಪ್ಪ ಸುಳ್ಳು ಹೇಳಿದ್ದು ತನ್ನನ್ನು ಉಳಿಸಿಕೊಳ್ಳೋಕಲ್ಲ. ಆ ನಾಲ್ಕನೇ ಪ್ರಶ್ನೆ ನನ್ನ ತನಕ ಬರದಿರಲಿ ಅಂತ. ದಾರಿ ಮಧ್ಯೆ ಒಂದು ಆನೆಯನ್ನು ನಿಲ್ಲಿಸಿದರು, ಅಷ್ಟೇ. ಇಲಾಖೆಯವರು ಕೆಲಸದಿಂದ ತಪ್ಪಿಸಿಕೊಳ್ಳೋಕೆ ಆನೆಯ ಹೆಸರು ಹೇಳಬಹುದು. ಅಪ್ಪ ಮಗನನ್ನು ತಪ್ಪಿಸೋಕೆ ಹೇಳಿದರು. ಆನೆಗೆ ಮಾತ್ರ ಎರಡೂ ಕಡೆ ಕೆಟ್ಟ ಹೆಸರು.

ಮರುದಿನ ನಾನು ಏನೂ ಕೇಳಲಿಲ್ಲ. ಗೊತ್ತಾಗಿದೆ ಅಂತಲೂ ಹೇಳಲಿಲ್ಲ. ಸಂಜೆ ಜಗಲಿ ಮೇಲೆ ಕೂತು ಅಪ್ಪನಿಗೆ 'ಕೃಷ್ಣೇಗೌಡನ ಆನೆ' ಓದಿ ಹೇಳಿದೆ. ಅಪ್ಪ ಎಸ್‌ಎಸ್‌ಎಲ್‌ಸಿ, ಕತೆ ಪುಸ್ತಕ ಓದಿದವರಲ್ಲ. ತೇಜಸ್ವಿಯವರ ಹೆಸರು ಕೇಳಿ ಗೊತ್ತು. ಗಂಭೀರವಾಗಿ ಕೇಳಿಸಿಕೊಂಡರು. ನಾನು ನಗೋ ಕಡೆ ಎಲ್ಲ ಅವರು "ಹೂಂ" ಅಂತ ತಲೆ ಆಡಿಸಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಇದರಲ್ಲಿ ಕತೆ ಎಲ್ಲಿ ಬಂತೋ? ಇದೆಲ್ಲ ನಡೆಯೋದೇ ಅಲ್ವಾ?"

ಎಷ್ಟೋ ವಿಮರ್ಶೆ ಓದಿದೀನಿ, ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ. ಸರ್ರಿಯಲ್ ಅನ್ನೋದು ಕತೆಯಲ್ಲಿರಲ್ಲ, ಅದು ಎಲ್ಲಿ ಕೂತು ಓದ್ತೀವಿ ಅನ್ನೋದರಲ್ಲಿ ಇರುತ್ತೆ. ಬರೆದವನು ಕೂತಿದ್ದ ಜಗಲಿಗೆ ಹತ್ತಿರ ಹೋದಷ್ಟೂ ವಿಚಿತ್ರ ಕಮ್ಮಿ ಆಗ್ತಾ, ಸಂಕಟ ಜಾಸ್ತಿ ಆಗ್ತಾ ಹೋಗುತ್ತೆ.

ಆಮೇಲೆ ಅಪ್ಪ ಪ್ಲಾಸ್ಟರ್ ಕೈ ನೋಡಿಕೊಂಡು, ಯಾರಿಗೋ ಹೇಳಿದ ಹಾಗೆ ಅಂದರು, "ಪಾಪ, ಆನೆದೇನು ತಪ್ಪಿಲ್ಲ ಬಿಡು."

ಗೊತ್ತಾಯ್ತು ಅಂತ ಅವರಿಗೂ ಗೊತ್ತಾಗಿತ್ತು ಅನ್ಸುತ್ತೆ. ಅದಕ್ಕಿಂತ ಜಾಸ್ತಿ ನಾವಿಬ್ಬರೂ ಮಾತಾಡಲಿಲ್ಲ.

ವರ್ಕ್ ಫ್ರಮ್ ಹೋಮ್ ಕೇಳಿ ಎರಡು ವಾರ ಅಲ್ಲೇ ಉಳಿದೆ. ನೆಟ್‌ವರ್ಕ್ ಸಿಗೋದು ಹಲಸಿನ ಮರದ ಕೆಳಗೆ ಮಾತ್ರ, ಅಲ್ಲೇ ಕುರ್ಚಿ ಹಾಕಿಕೊಂಡೆ. ಒಂದು ಸಂಜೆ ಮೀಟಿಂಗ್ ಮಧ್ಯೆ ದಪ್ಪ ದಪ್ಪ ಹನಿ ಬಿದ್ದವು. ಅಪ್ಪ ಒಳಗಿಂದ ಕೂಗೋಕೆ ಮುಂಚೆನೇ ಲ್ಯಾಪ್‌ಟಾಪ್ ಮುಚ್ಚಿ ಕಣಕ್ಕೆ ಓಡಿದೆ. ಅಪ್ಪ ಎಡಗೈಯಲ್ಲೇ ಈ ತುದಿ ಹಿಡಿದರು, ನಾನು ಆ ತುದಿ. ವಾಪಸ್ ಬಂದಾಗ ಮ್ಯಾನೇಜರ್ ಮೆಸೇಜ್ ಹಾಕಿದ್ದರು, 'ಯಾಕೆ ಕಾಲ್ ಡ್ರಾಪ್ ಆಯ್ತು?'

ನೆಟ್‌ವರ್ಕ್ ಪ್ರಾಬ್ಲಮ್ ಅಂತ ಟೈಪ್ ಮಾಡಿದೆ. ಅಳಿಸಿದೆ. 'ಮಳೆ ಬಂತು, ಕಾಫಿ ಮುಚ್ಚೋಕೆ ಹೋಗಿದ್ದೆ' ಅಂತ ಹಾಕಿದೆ.

ಮ್ಯಾನೇಜರಿಗೆ ಅದು ಸರ್ರಿಯಲ್ ಅನ್ನಿಸಿರಬೇಕು. ಎರಡು ನಿಮಿಷ 'ಟೈಪಿಂಗ್' ಅಂತ ತೋರಿಸಿ, ಕೊನೆಗೆ ಒಂದು ಥಂಬ್ಸ್ ಅಪ್ ಬಂತು.

ಈ ವಾರಾಂತ್ಯ ಸಾಧ್ಯ ಆದರೆ ಆ ಕತೆ ಓದಿ. ಓದಿ ನಕ್ಕಾದ ಮೇಲೆ ಮನೆಗೊಂದು ಫೋನ್ ಮಾಡಿ. "ಎಲ್ಲ ಚೆನ್ನಾಗಿದೆ" ಅಂದರೆ ಅಲ್ಲಿಗೇ ಇಡಬೇಡಿ, ಇನ್ನೊಂದು ಸಲ ಕೇಳಿ.